ಸೊಟ್ಟ ಕಿಡ್ಯೊ ತಟ್ಟೆಯ ಮೇಲೇ ಇರಲಿ

ಕುಸ್ವಾರ್ ಮಾಡಲು ಮೊಮ್ಮಕ್ಕಳನ್ನು ಅಡುಗೆಮನೆಗೆ ಕರೆಯುವ ಮೊದಲು ನೀವು ಒಂದು ತೀರ್ಮಾನಕ್ಕೆ ಬಂದಿರಬೇಕು. ನಿಮಗೆ ಬೇಕಾದ್ದು ನಾಲ್ಕು ಡಬ್ಬ ತಿಂಡಿಯೋ, ಮಕ್ಕಳ ಜೊತೆ ಒಂದು ಮಧ್ಯಾಹ್ನವೋ? ಎರಡೂ ಒಂದೇ ದಿನ ಆಗಬೇಕು ಎಂದು ಹೊರಟರೆ ತಿಂಡಿ ಕೆಡುತ್ತದೆ, ಮಕ್ಕಳು ಅಳುತ್ತಾರೆ, ನಿಮ್ಮ ಬಿಪಿ ಏರುತ್ತದೆ. ಕೊನೆಗೆ "ಹೋಗಿ, ಟಿವಿ ನೋಡಿ" ಎಂದು ನೀವೇ ಅವರನ್ನು ಅಟ್ಟುತ್ತೀರಿ. ಹಂಚಲು ಬೇಕಾದ ದೊಡ್ಡ ಅಳತೆಯದ್ದನ್ನು ಮಕ್ಕಳು ಬರುವ ಮುಂಚೆಯೇ ಮಾಡಿ ಮುಗಿಸಿ. ಕೈಲಾಗದಿದ್ದರೆ ಮಾಡಿ ಕೊಡುವವರಿಂದ ತನ್ನಿ, ಅದರಲ್ಲಿ ನಾಚಿಕೆ ಏನೂ ಇಲ್ಲ. ಮಕ್ಕಳಿಗೆಂದು ದಿನಕ್ಕೆ ಒಂದೇ ಒಂದು ತಿಂಡಿ ಇಟ್ಟುಕೊಳ್ಳಿ. ಆದರೆ ಒಲೆಯ ಕೆಲಸ ಒಂದನ್ನು ಬಿಟ್ಟು ಆ ತಿಂಡಿ ಹಿಟ್ಟು ಅಳೆಯುವುದರಿಂದ ಹಿಡಿದು ನೆರೆಮನೆಯ ಬಾಗಿಲು ತಟ್ಟುವವರೆಗೆ ಅವರ ಕೈಯಲ್ಲೇ ಆಗಬೇಕು. ನನಗೆ ಹೇಳಲಿಕ್ಕಿರುವುದು ಮುಖ್ಯವಾಗಿ ಇಷ್ಟೇ. ಉಳಿದದ್ದೆಲ್ಲ ಅದನ್ನು ಮಾಡುವುದು ಹೇಗೆ ಎನ್ನುವ ಮಾತು.

ಘಟ್ಟದ ಮೇಲಿನವರಿಗೆ ಸ್ವಲ್ಪ ವಿವರ ಹೇಳಬೇಕು. ಮಂಗಳೂರು, ಉಡುಪಿ ಕಡೆಯ ಕೊಂಕಣಿ ಕ್ರೈಸ್ತರ ಮನೆಗಳಲ್ಲಿ ಕ್ರಿಸ್ಮಸ್‌ಗೆ ಮಾಡುವ ಬಗೆಬಗೆಯ ತಿಂಡಿಗೆಲ್ಲ ಒಟ್ಟಾಗಿ ಕುಸ್ವಾರ್ ಎನ್ನುತ್ತೇವೆ. ಬೆರಳ ತುದಿಯಷ್ಟು ಹಿಟ್ಟನ್ನು ಸುರುಳಿ ಸುತ್ತಿ ಕರಿದದ್ದು ಕಿಡ್ಯೊ, ಬೇರೆ ಕಡೆ ಇದನ್ನೇ ಕಲ್‌ಕಲ್ ಎನ್ನುತ್ತಾರೆ. ನೆವ್ರಿ ಎಂದರೆ ನಿಮ್ಮ ಕರ್ಜಿಕಾಯಿಯ ಅಕ್ಕ. ತುಕ್ಡಿ ಎಂದರೆ ಶಂಕರಪೋಳಿ. ಹೂವಿನ ಆಕಾರದ ಕಬ್ಬಿಣದ ಅಚ್ಚನ್ನು ಹಿಟ್ಟಿನಲ್ಲಿ ಅದ್ದಿ ಎಣ್ಣೆಗೆ ಇಳಿಸಿ ತೆಗೆಯುವುದು ಕೊಕ್ಕಿಸಾಂ. ಅಕ್ಕಿಹಿಟ್ಟಿನ ಪುಟ್ಟ ಉಂಡೆಗಳು ಗುಳಿಯೊ. ಹುರಿದ ಕುಚ್ಚಲಕ್ಕಿಯ ಪುಡಿಗೆ ಬೆಲ್ಲ, ತೆಂಗಿನಕಾಯಿ, ಏಲಕ್ಕಿ ಸೇರಿಸಿ ಕಟ್ಟುವ ಲಾಡು ಉಂಟು. ಚಕ್ಕುಲಿಯಂತೂ ಎಲ್ಲರದ್ದೂ ಹೌದು. ಹೆಸರು ಏನೇ ಇರಲಿ, ಅಕ್ಕಿ, ತೆಂಗಿನಕಾಯಿ, ಎಳ್ಳು, ಬೆಲ್ಲ, ಎಣ್ಣೆ ಇವೇ ಇದರ ಜೀವ. ಕೃಷ್ಣಾಷ್ಟಮಿಗೆ ಪಕ್ಕದ ಮನೆಯಿಂದ ಬರುವ ತಟ್ಟೆಗೂ ನಮ್ಮ ತಟ್ಟೆಗೂ ಅರ್ಧಕ್ಕರ್ಧ ನೆಂಟಸ್ತಿಕೆ.

ಈಗಿನ ಅಜ್ಜಿಯರು ಕ್ರಿಸ್ಮಸ್ ಎಂದ ಕೂಡಲೇ ಮೊಮ್ಮಕ್ಕಳಿಗೆ ಕೇಕ್ ಮಾಡಿಸಲು ಹೊರಡುತ್ತಾರೆ. ಬೇಡ ಮಾರಾಯ್ರೆ. ಕೇಕ್ ನಮ್ಮ ಕರಾವಳಿಗೆ ಬಂದದ್ದೇ ಬೇಕರಿಯ ದಾರಿಯಿಂದ. ನಮ್ಮಿಂದ ದೂರವಲ್ಲದ ತಲಶ್ಶೇರಿಯಲ್ಲಿ ಮಾಂಬಳ್ಳಿ ಬಾಪು ಎಂಬವರು 1883ರಲ್ಲಿ ಒಬ್ಬ ಬ್ರಿಟಿಷ್ ತೋಟದ ಮಾಲೀಕನ ಕೋರಿಕೆಯಂತೆ ಕ್ರಿಸ್ಮಸ್ ಕೇಕ್ ಸುಟ್ಟು ಕೊಟ್ಟರು ಎಂದು ಹೇಳುತ್ತಾರೆ. ಬಾಪು ಅವರೂ ಬೇಕರಿಯವರೇ ಹೊರತು ಅಜ್ಜಿಯಲ್ಲ. ಕೇಕಿನ ಮೇಲೆ ನನಗೆ ಕೋಪ ಇಲ್ಲ, ಚೆನ್ನಾಗಿಯೇ ತಿನ್ನುತ್ತೇನೆ. ಆದರೆ ಅದರಲ್ಲಿ ಮಗುವಿಗೆ ಏನು ಕೆಲಸ ಸಿಗುತ್ತದೆ ನೋಡಿ. ಒಣಹಣ್ಣನ್ನು ರಮ್ಮಿನಲ್ಲಿ ನೆನೆಹಾಕಿ ತಿಂಗಳಾಗಿರುತ್ತದೆ, ಅದು ದೊಡ್ಡವರ ಕೆಲಸ. ಬಣ್ಣಕ್ಕೆ ಸಕ್ಕರೆ ಸುಡುವುದು ಇನ್ನೂ ಅಪಾಯದ ಕೆಲಸ, ಸುಟ್ಟ ಸಕ್ಕರೆಗೆ ನೀರು ಹಾಕಿದಾಗ ಸಿಡಿಯುವುದನ್ನು ನೋಡಿದವರಿಗೆ ಗೊತ್ತು. ಮಗುವಿಗೆ ಉಳಿಯುವುದು ನಾಲ್ಕು ಸಲ ಸೌಟು ತಿರುಗಿಸುವುದು ಮಾತ್ರ. ಆಮೇಲೆ ಕೇಕ್ ಒಂದು ಗಂಟೆ ಓವನ್ನಿನೊಳಗೆ. ಆ ಒಂದು ಗಂಟೆ ಮಗು ಎಲ್ಲಿ ಹೋಗಬೇಕು? ಮೊಬೈಲಿಗೇ ಹೋಗುತ್ತದೆ. ಹೊರಗೆ ಬಂದ ಕೇಕಿನಲ್ಲಿ "ಇದು ನಾನು ಮಾಡಿದ್ದು" ಎಂದು ಬೆರಳಿಟ್ಟು ತೋರಿಸುವಂಥದ್ದು ಒಂದೂ ಇರುವುದಿಲ್ಲ.

ಕಿಡ್ಯೊ ಹಾಗಲ್ಲ. ನೂರು ಕಿಡ್ಯೊ ಆದರೆ ನೂರೂ ಬೇರೆ ಬೇರೆ, ಒಂದೊಂದಕ್ಕೂ ಒಬ್ಬ ಯಜಮಾನ. ಯಾವುದು ತಂಗಿಯದ್ದು, ಯಾವುದು ಅಣ್ಣನದ್ದು ಎಂದು ಎಣ್ಣೆಯಿಂದ ತೆಗೆದ ಮೇಲೂ ಗುರುತು ಹಿಡಿಯುತ್ತಾರೆ. ಅದಕ್ಕೇ ಮೊದಲ ಸಲ ಮಾಡಿಸುವವರಿಗೆ ನಾನು ಕಿಡ್ಯೊವನ್ನೇ ಹೇಳುವುದು.

ಅಳತೆ ಬರೆದುಕೊಳ್ಳಿ. ಕಾಲು ಕಿಲೊ ಮೈದಾ ಸಾಕು, ಆಸೆಗೆ ಬಿದ್ದು ಹೆಚ್ಚು ಹಾಕಬೇಡಿ. ಅದಕ್ಕೆ ಎರಡು ಚಮಚ ಸಕ್ಕರೆ ಪುಡಿ, ಚಿಟಿಕೆ ಉಪ್ಪು, ಒಂದು ದೊಡ್ಡ ಚಮಚ ಬಿಸಿ ತುಪ್ಪ, ಒಂದು ಪುಟ್ಟ ಮೊಟ್ಟೆ, ಕಲಸಲು ಎಷ್ಟು ಬೇಕೋ ಅಷ್ಟು ದಪ್ಪ ಕಾಯಿಹಾಲು. ಮೊಟ್ಟೆ ಬೇಡ ಎನ್ನುವವರು ಕಾಯಿಹಾಲನ್ನೇ ಸ್ವಲ್ಪ ಹೆಚ್ಚು ಹಾಕಿದರಾಯಿತು, ಏನೂ ಕೊರತೆಯಾಗುವುದಿಲ್ಲ. ತುಪ್ಪವನ್ನು ಹಿಟ್ಟಿಗೆ ತಿಕ್ಕಿ ತಿಕ್ಕಿ ಬೆರೆಸುವ ಕೆಲಸ ಮಗುವಿಗೆ ಕೊಡಿ. ಮುಷ್ಟಿಯಲ್ಲಿ ಒತ್ತಿದರೆ ಹಿಟ್ಟು ಉಂಡೆಯಾಗಿ ನಿಲ್ಲಬೇಕು, ಅದು ಪರೀಕ್ಷೆ. ಐದು ವರ್ಷದ ಮಗು ಕೂಡ ಈ ಪರೀಕ್ಷೆ ಮಾಡಿ ನಿಮಗೆ ಫಲಿತಾಂಶ ಹೇಳುತ್ತದೆ. ಹಿಟ್ಟು ಚಪಾತಿ ಹಿಟ್ಟಿಗಿಂತ ಚೂರು ಗಟ್ಟಿ ಇರಲಿ. ಕಲಸಿದ ಮೇಲೆ ಒದ್ದೆ ಬಟ್ಟೆ ಮುಚ್ಚಿ ಅರ್ಧ ಗಂಟೆ ಬಿಡಬೇಕು. ಬಿಡದಿದ್ದರೆ ಮೈದಾ ಒತ್ತಿದಷ್ಟೂ ಹಿಂದಕ್ಕೆ ಎಳೆಯುತ್ತದೆ, ಮಗುವಿನ ಬೆರಳಿಗೆ ಮಣಿಯುವುದಿಲ್ಲ, "ನನಗೆ ಬರುವುದಿಲ್ಲ" ಎಂದು ಮಗು ಕೈಬಿಡುತ್ತದೆ. ತಪ್ಪು ಮಗುವಿನದ್ದಲ್ಲ, ಅವಸರ ಮಾಡಿದ ಅಜ್ಜಿಯದ್ದು. ಆ ಅರ್ಧ ಗಂಟೆಯಲ್ಲಿ ಮಕ್ಕಳಿಂದ ಏಲಕ್ಕಿ ಬಿಡಿಸಿ, ದ್ರಾಕ್ಷಿಯ ತೊಟ್ಟು ತೆಗೆಸಿ. ಅಥವಾ ಬಾಲಯೇಸುವಿನ ಗೋದಲಿಗೆ ಬೇಕಾದ ಹುಲ್ಲು ಕೀಳಿಸಿಕೊಂಡು ಬನ್ನಿ.

ಸುರುಳಿ ಸುತ್ತಲು ಹಿಂದಿನವರು ಹೊಸ ಬಾಚಣಿಗೆ ತಂದು ಬಿಸಿನೀರಲ್ಲಿ ತೊಳೆದು ಅದಕ್ಕೆಂದೇ ಎತ್ತಿಡುತ್ತಿದ್ದರು. ಫೋರ್ಕಿನ ಬೆನ್ನು ಆದರೂ ಆದೀತು. ಹಿಟ್ಟಿನ ಒಂದು ಗೋಲಿಯನ್ನು ಬಾಚಣಿಗೆಯ ಮೇಲಿಟ್ಟು ಹೆಬ್ಬೆರಳಿನಿಂದ ತೆಳ್ಳಗೆ ಒತ್ತಿ ಹಾಗೆಯೇ ಮುಂದಕ್ಕೆ ಉರುಳಿಸಿದರೆ ಗೀರುಗೀರಾದ ಸುರುಳಿ ಬರುತ್ತದೆ. ಇಲ್ಲಿ ಮಗುವಿಗೆ ಒಂದೇ ಸೂಚನೆ ಕೊಡಿ: ಗೋಲಿಗಳ ಗಾತ್ರ ಹೆಚ್ಚುಕಮ್ಮಿ ಒಂದೇ ಇರಲಿ. ದಪ್ಪದ್ದು ಒಳಗೆ ಹಸಿ ಉಳಿಯುತ್ತದೆ, ಸಣ್ಣದು ಅಷ್ಟರಲ್ಲಿ ಕಪ್ಪಾಗುತ್ತದೆ. ಆಕಾರದ ಬಗ್ಗೆ ಒಂದು ಮಾತೂ ಬೇಡ. ಕೆಲವು ಶಂಖದಂತೆ ಬರುತ್ತವೆ, ಕೆಲವು ಚಪ್ಪಟೆಯಾಗುತ್ತವೆ, ಒಂದೆರಡು ಏನೆಂದೇ ಹೇಳಲಾಗದಂತೆ ಇರುತ್ತವೆ. ಎಣ್ಣೆಗೆ ಅದರ ಅಂದಚೆಂದದ ಗೊಡವೆ ಇಲ್ಲ.

ಇಲ್ಲಿಯೇ ಹೆಚ್ಚಿನ ಅಜ್ಜಿಯರು ಎಡವುವುದು. ಮಗು ಸುತ್ತಿದ ಕಿಡ್ಯೊವನ್ನು ಮಗು ಆಚೆ ತಿರುಗಿದಾಗ ಬಿಚ್ಚಿ, ಮತ್ತೆ ನೆಟ್ಟಗೆ ಸುತ್ತಿ ಇಡುತ್ತಾರೆ. ಮಗುವಿಗೆ ಅದು ತಿಳಿಯುವುದಿಲ್ಲ ಎಂದುಕೊಂಡಿದ್ದೀರಾ? ಮಕ್ಕಳಿಗೆ ಎಲ್ಲ ತಿಳಿಯುತ್ತದೆ. ತನ್ನ ಕೆಲಸ ಲೆಕ್ಕಕ್ಕಿಲ್ಲ, ತನ್ನನ್ನು ಸುಮ್ಮನೆ ಆಡಿಸುತ್ತಿದ್ದಾರೆ ಎಂದು ಗೊತ್ತಾದ ಕೂಡಲೇ ಅದು ಹಿಟ್ಟಿನಲ್ಲಿ ಹಾವು ಮಾಡಿ ತಮ್ಮನ ಮೇಲೆ ಎಸೆಯಲು ಸುರು ಮಾಡುತ್ತದೆ. ನೀವು ಗದರುತ್ತೀರಿ. ಗದರಬೇಕಾದ್ದು ಯಾರನ್ನು, ಹೇಳಿ?

ವಯಸ್ಸು ನೋಡಿ ಕೆಲಸ ಹಂಚಿ. ಮೂರು ನಾಲ್ಕು ವರ್ಷದವಕ್ಕೆ ಗೋಲಿ ಉರುಳಿಸುವುದೇ ದೊಡ್ಡ ಕೆಲಸ, ಹತ್ತು ನಿಮಿಷ ಕೂತರೆ ಹೆಚ್ಚು. ಅವುಗಳ ಬಾಯಿಗೆ ಇಡೀ ಗೋಡಂಬಿ, ಕಡಲೆಬೀಜ ಹೋಗದಂತೆ ನೋಡಿಕೊಳ್ಳಿ, ಗಂಟಲಲ್ಲಿ ಸಿಕ್ಕಿಕೊಳ್ಳುವುದು ಆ ವಯಸ್ಸಿನಲ್ಲೇ. ಶಾಲೆಗೆ ಹೋಗುವ ಮಗುವಿನ ಕೈಗೆ ತಕ್ಕಡಿ ಕೊಡಿ. ಕಾಲು ಕಿಲೊ ಎಂದರೆ 250 ಗ್ರಾಂ ಎಂಬ ಪುಸ್ತಕದ ಲೆಕ್ಕ ಅಲ್ಲಿ ಕೈಗೆ ಸಿಗುತ್ತದೆ. ಎಂಟು ಹತ್ತು ವರ್ಷದವರು ತುಕ್ಡಿ ಲಟ್ಟಿಸಿ ಕತ್ತರಿಸಬಲ್ಲರು, ನೆವ್ರಿಯ ಅಂಚು ಒತ್ತಬಲ್ಲರು. ಹನ್ನೆರಡು ದಾಟಿದವರನ್ನು ಒಲೆಯ ಹತ್ತಿರ ನಿಮ್ಮ ಪಕ್ಕದಲ್ಲೇ ನಿಲ್ಲಿಸಿಕೊಂಡು ಜಾಲರಿ ಸೌಟು ಹಿಡಿಯಲು ಕಲಿಸಿ. ಆ ವಯಸ್ಸಿನ ಹುಡುಗನಿಗೆ ಗೋಲಿ ಉರುಳಿಸು ಎಂದರೆ ಅವಮಾನ, ಎಣ್ಣೆಯ ಹತ್ತಿರ ಬಿಟ್ಟರೆ ಗೌರವ. ಹುಡುಗ ಎಂದೆ ನೋಡಿ, ಬೇಕೆಂದೇ ಎಂದೆ. ಮೊಮ್ಮಗಳನ್ನು ಮಾತ್ರ ಕರೆದು ಮೊಮ್ಮಗನನ್ನು ಕ್ರಿಕೆಟಿಗೆ ಕಳಿಸುವ ಪಾಠ ನಮ್ಮ ಕಾಲಕ್ಕೇ ಮುಗಿಯಲಿ. ಅಜ್ಜನನ್ನೂ ಕೂರಿಸಿ. ತೆಂಗಿನಕಾಯಿ ಸುಲಿಯುವುದು, ತುರಿಯುವುದು ಅವರ ಪಾಲಿಗೆ. ಸಕ್ಕರೆ ಕಾಯಿಲೆಯವರಾದರೆ ಎಷ್ಟು ಕಿಡ್ಯೊ ಬಾಯಿಗೆ ಹೋಯಿತು ಎಂದು ಲೆಕ್ಕ ಇಡುವ ಕೆಲಸ ಮಕ್ಕಳಿಗೆ ಒಪ್ಪಿಸಿ, ನಿಮಗಿಂತ ಕಟ್ಟುನಿಟ್ಟಾಗಿ ನಡೆಸುತ್ತಾರೆ.

ಎಣ್ಣೆಯ ವಿಷಯದಲ್ಲಿ ಮಾತ್ರ ನಾನು ತುಂಬ ನಿಷ್ಠುರಿ. ಸುತ್ತುವಾಗ ಒಲೆ ಹೊತ್ತಿರಬಾರದು. ಎಲ್ಲವನ್ನೂ ಸುತ್ತಿ ಬಟ್ಟೆಯ ಮೇಲೆ ಹರಡಿ, ಮೇಜು ಒರೆಸಿ, ಆಮೇಲೆ ಬಾಣಲೆ ಇಡಿ. ಬಾಣಲೆ ಹಿಂದಿನ ಒಲೆಯ ಮೇಲೆ, ಹಿಡಿ ಗೋಡೆಯ ಕಡೆಗೆ. ಅರ್ಧಕ್ಕಿಂತ ಹೆಚ್ಚು ಎಣ್ಣೆ ಬೇಡ. ನೆಲದ ಮೇಲೆ ಒಂದು ಗೆರೆ ಎಳೆದು, ಅದರಾಚೆ ಚಿಕ್ಕವರು ಬರಬಾರದು ಎಂದರೆ ಬರಬಾರದು. ನೆಲದ ಮೇಲೆ ಒಲೆ ಇಟ್ಟು ಸುತ್ತ ಕೂತು ಕರಿಯುತ್ತಿದ್ದ ಕಾಲದ ನೆನಪು ಚೆನ್ನಾಗಿರಬಹುದು, ಮಕ್ಕಳಿರುವಲ್ಲಿ ಆ ನೆನಪನ್ನು ಕಾರ್ಯಕ್ಕೆ ಇಳಿಸಬೇಡಿ. ನಮ್ಮ ಮೊಣಕಾಲಿಗೂ ಮೇಜೇ ಒಳ್ಳೆಯದು.

ಗುಳಿಯೊವನ್ನು ಮಕ್ಕಳ ಎದುರು ಕರಿಯಲೇಬೇಡಿ. ಅಕ್ಕಿಹಿಟ್ಟಿನ ಉಂಡೆ ಒತ್ತೊತ್ತಾಗಿದ್ದು ಒಳಗೆ ನೀರಿನ ಪಸೆ ಸಿಕ್ಕಿಬಿದ್ದರೆ ಅದು ಬಿಸಿಗೆ ಆವಿಯಾಗುತ್ತದೆ, ಹೊರಗೆ ಬರಲು ದಾರಿ ಇಲ್ಲದೆ ಉಂಡೆ ಪಟಾಕಿಯ ಹಾಗೆ ಸಿಡಿಯುತ್ತದೆ. ಹಿಟ್ಟು ಜರಡಿ ಹಿಡಿದು, ಉಂಡೆಯನ್ನು ಸಡಿಲವಾಗಿ ಕಟ್ಟಿ, ಒಂದು ಕಡ್ಡಿಯಿಂದ ಚುಚ್ಚಿ, ಉರಿ ಸಣ್ಣಗಿಟ್ಟು ಕರಿದರೆ ಸಿಡಿಯುವುದು ಕಡಿಮೆ. ಕಡಿಮೆಯೇ ಹೊರತು ಇಲ್ಲವೇ ಇಲ್ಲ ಎಂದು ಯಾವ ಅಜ್ಜಿಯೂ ಮಾತು ಕೊಡಲಾರಳು.

ಸಕ್ಕರೆ ಪಾಕವೂ ಅಷ್ಟೇ. ಕರಿದ ಕಿಡ್ಯೊಗೆ 100 ಗ್ರಾಂ ಸಕ್ಕರೆಯ ಗಟ್ಟಿ ಪಾಕ ಹಾಕಿ ಕುಲುಕಿದರೆ ಸಕ್ಕರೆ ಬೆಳ್ಳಗೆ ಮೈಗೆ ಹಿಡಿಯುತ್ತದೆ. ನೋಡಲು ಮುದ್ದಾಗಿದೆ, ಆದರೆ ಬಿಸಿ ಪಾಕ ಕೈಗೆ ತಾಗಿದರೆ ಅಂಟಿಕೊಂಡು ಸುಡುತ್ತದೆ, ನೀರಿನ ಹಾಗೆ ಜಾರಿ ಹೋಗುವುದಿಲ್ಲ. ಪಾಕ ಹಾಕುವುದು ನೀವು. ಅದು ಆರಿ ಉಗುರುಬೆಚ್ಚಗೆ ಆದ ಮೇಲೆ ಒಂದಕ್ಕೊಂದು ಅಂಟಿದ್ದನ್ನು ಬಿಡಿಸುವುದು ಮಕ್ಕಳು. ಎಷ್ಟು ಜಾಗ್ರತೆ ಮಾಡಿದರೂ ಒಂದು ಹನಿ ಸಿಡಿದರೆ ಕೂಡಲೇ ಹರಿಯುವ ತಣ್ಣೀರಿನ ಕೆಳಗೆ ಕೈ ಹಿಡಿಸಿ, ಇಪ್ಪತ್ತು ನಿಮಿಷ. ಟೂತ್‌ಪೇಸ್ಟ್, ತುಪ್ಪ, ಮಂಜುಗಡ್ಡೆ ಯಾವುದೂ ಬೇಡ. ಬೊಕ್ಕೆ ದೊಡ್ಡದಾಗಿದ್ದರೆ ಡಾಕ್ಟರ ಹತ್ತಿರ ಹೋಗಿ.

ಇನ್ನೆರಡು ಹಳೆಯ ಚಾಳಿ ಬಿಡಬೇಕು. ಕರಿದದ್ದನ್ನು ದಿನಪತ್ರಿಕೆಯ ಮೇಲೆ ಸುರಿಯುವುದು ಒಂದು. ಅಚ್ಚಿನ ಶಾಯಿಯಲ್ಲಿರುವ ರಾಸಾಯನಿಕ ಬಿಸಿ ಎಣ್ಣೆಗೆ ಬಿಟ್ಟುಕೊಳ್ಳುತ್ತದೆ. ಆಹಾರ ಸುರಕ್ಷತೆಯ ಕೇಂದ್ರ ಪ್ರಾಧಿಕಾರ 2016ರಲ್ಲೇ ಇದರ ಬಗ್ಗೆ ಎಚ್ಚರಿಕೆ ಕೊಟ್ಟು, 2023ರಲ್ಲಿ ಮತ್ತೆ ಹೇಳಿದೆ. ಹಳೆಯ ಬಿಳಿ ಪಂಚೆಯ ತುಂಡು ಹಾಸಿ, ಎಣ್ಣೆ ಅದಕ್ಕಿಂತ ಚೆನ್ನಾಗಿ ಹೀರುವ ವಸ್ತು ಇನ್ನೊಂದಿಲ್ಲ. ಮೊಟ್ಟೆ ಹಾಕಿದ ಹಸಿ ಹಿಟ್ಟನ್ನು ಮಕ್ಕಳಿಗೆ ನೆಕ್ಕಲು ಬಿಡುವುದು ಇನ್ನೊಂದು. ನಾವೆಲ್ಲ ನೆಕ್ಕಿಯೇ ಬೆಳೆದವರು, ನಿಜ. ಆದರೂ ಹಸಿ ಮೊಟ್ಟೆಯಿಂದ ಹೊಟ್ಟೆ ಕೆಟ್ಟು ಮಗು ಹಬ್ಬದ ದಿನ ಮಲಗುವುದು ಬೇಡ.

ಕೊಕ್ಕಿಸಾಂ ಮೇಲೆ ಮಕ್ಕಳಿಗೆ ಬಹಳ ಆಸೆ, ಯಾಕೆಂದರೆ ಅದು ಮ್ಯಾಜಿಕ್. ಎಣ್ಣೆಯಲ್ಲಿ ಅಚ್ಚು ಅಲುಗಾಡಿಸಿದಾಗ ಹೂವು ತಾನಾಗಿ ಕಳಚಿ ತೇಲಿ ಹೋಗುವುದನ್ನು ನೋಡಲು ದೊಡ್ಡವರೂ ನಿಲ್ಲುತ್ತಾರೆ. ಇದನ್ನು ದೊಡ್ಡ ಮಕ್ಕಳಿಗೆ ಮಾತ್ರ, ಎರಡನೆಯ ವರ್ಷಕ್ಕೆ ಇಟ್ಟುಕೊಳ್ಳಿ. ಮಾಡುವಾಗ ಕಾರಣವನ್ನೂ ಹೇಳಿ ಮಾಡಿ. ಅಚ್ಚು ಎಣ್ಣೆಯಲ್ಲಿದ್ದು ಚೆನ್ನಾಗಿ ಕಾದಿರಬೇಕು, ಆಗ ಹಿಟ್ಟು ಮುಟ್ಟಿದ ಕೂಡಲೇ ಅದಕ್ಕೆ ಹಿಡಿಯುತ್ತದೆ. ತಣ್ಣಗಿದ್ದರೆ ಹಿಟ್ಟು ಜಾರಿ ಬೀಳುತ್ತದೆ. ಅದ್ದುವುದು ಮುಕ್ಕಾಲು ಮಾತ್ರ. ಹಿಟ್ಟು ಅಚ್ಚಿನ ಮೇಲ್ಭಾಗಕ್ಕೂ ಹತ್ತಿದರೆ ಮುಚ್ಚಳ ಹಾಕಿದಂತಾಗಿ ಹೂವು ಬಿಡುವುದೇ ಇಲ್ಲ, ಕಡ್ಡಿ ಹಾಕಿ ಕೆರೆಯಬೇಕಾಗುತ್ತದೆ. ಮೊದಲ ಎರಡು ಮೂರು ಹೂವು ಯಾರು ಮಾಡಿದರೂ ಕೆಡುತ್ತವೆ, ಅಚ್ಚು ಎಣ್ಣೆ ಕುಡಿದು ಪಳಗುವವರೆಗೆ ಹಾಗೆಯೇ. ಇದನ್ನು ಮೊದಲೇ ಹೇಳಿಬಿಟ್ಟರೆ ಮಕ್ಕಳು ಕೆಟ್ಟದ್ದನ್ನು ನೋಡಿ ಅಳುವ ಬದಲು ನಕ್ಕು ತಿನ್ನುತ್ತಾರೆ.

ನೆವ್ರಿಯ ಹೂರಣದಲ್ಲಿ ತೆಂಗಿನತುರಿ ಇದ್ದರೆ ಅದನ್ನು ಸಣ್ಣ ಉರಿಯಲ್ಲಿ ಗರಿಗರಿಯಾಗುವವರೆಗೆ ಹುರಿಯಲೇಬೇಕು. ಪಸೆ ಉಳಿದರೆ ನಮ್ಮ ಕರಾವಳಿಯ ಹವೆಗೆ ನಾಲ್ಕು ದಿನದಲ್ಲಿ ಕನರು ವಾಸನೆ. ಹುರಿದ ಎಳ್ಳು, ಸಕ್ಕರೆ ಪುಡಿ, ಗೋಡಂಬಿ ಚೂರು, ದ್ರಾಕ್ಷಿ, ಏಲಕ್ಕಿ ಸೇರಿಸಿ ಮಕ್ಕಳಿಂದಲೇ ಬೆರೆಸಿ. ಅರ್ಧ ಹೂರಣ ಬಾಯಿಗೆ ಹೋಗುತ್ತದೆ, ಅದಕ್ಕೆ ತಕ್ಕಂತೆ ಒಂದು ಪಾಲು ಹೆಚ್ಚೇ ಮಾಡಿ. ತುಂಬುವಾಗ ಮಾತ್ರ ಒಂದೇ ಚಮಚ. ಹೆಚ್ಚು ತುಂಬಿ ಅಂಚು ಬಿಟ್ಟುಕೊಂಡರೆ ಹೂರಣ ಎಣ್ಣೆಗೆ ಇಳಿದು ಸೀದು, ಆಮೇಲಿನದ್ದೆಲ್ಲ ಕಪ್ಪು. ಹಲ್ಲಿನ ಚಕ್ರ ಓಡಿಸಿ ಅಂಚು ಕತ್ತರಿಸುವುದಕ್ಕೆ ಜಗಳ ಆಗುತ್ತದೆ. ಚಕ್ರ ಎರಡು ತಂದಿಡಿ.

ಯಾವಾಗ ಮಾಡಬೇಕು ಎಂದು ಕೇಳುತ್ತಾರೆ. ಊರಲ್ಲೇ ಇರುವ ಮೊಮ್ಮಕ್ಕಳಾದರೆ ಹಬ್ಬಕ್ಕೆ ಮುಂಚಿನ ಆಗಮನ ಕಾಲದ ನಾಲ್ಕು ಭಾನುವಾರಗಳು ಉಂಟಲ್ಲ, ಒಂದು ಭಾನುವಾರಕ್ಕೆ ಒಂದು ತಿಂಡಿ. ದುಬೈಯಿಂದಲೋ ಬೆಂಗಳೂರಿನಿಂದಲೋ ಹಬ್ಬದ ವಾರ ಬಂದಿಳಿಯುವವರಾದರೆ ಬಂದ ಮರುದಿನವೇ ಹಿಟ್ಟು ಕಲಸಬೇಡಿ. ಒಂದು ದಿನ ಮಲಗಲಿ, ನಾಯಿಯ ಜೊತೆ ಆಡಲಿ, ಬಾವಿಗೆ ಇಣುಕಲಿ. 24ಕ್ಕೂ ಬೇಡ, ಆ ದಿನ ರಾತ್ರಿಯ ಪೂಜೆಗೆ ಹೊರಡುವ ಗಡಿಬಿಡಿ. ಕರಿದದ್ದು ಪೂರ್ತಿ ಆರಿದ ಮೇಲೆಯೇ ಡಬ್ಬಕ್ಕೆ ತುಂಬಿ. ಬಿಸಿ ಇರುವಾಗ ಮುಚ್ಚಿದರೆ ಒಳಗೆ ಬೆವರಿ ಮೆತ್ತಗಾಗುತ್ತದೆ.

ಇನ್ನೊಂದು ಸೂಕ್ಷ್ಮ ಉಂಟು. ನೀವೇ ಮಗನ ಮನೆಗೆ ಹೋಗಿ ಅಲ್ಲಿ ಮಾಡುವುದಾದರೆ ಅದು ನಿಮ್ಮ ಅಡುಗೆಮನೆಯಲ್ಲ, ಸೊಸೆಯದ್ದು. ಮಕ್ಕಳ ಮುಂದೆ "ಸಂಜೆ ಕಿಡ್ಯೊ ಮಾಡೋಣ" ಎಂದು ಘೋಷಿಸುವ ಮೊದಲು ಅವಳನ್ನು ಕೇಳಿ. ಆಫೀಸಿನಿಂದ ದಣಿದು ಬಂದವಳಿಗೆ ಸಿಂಕ್ ತುಂಬ ಪಾತ್ರೆ, ನೆಲದ ತುಂಬ ಮೈದಾ ಕಂಡರೆ ಕುಸ್ವಾರಿನ ಮೇಲೆ ಪ್ರೀತಿ ಹುಟ್ಟುವುದಾದರೂ ಹೇಗೆ? ಮಗುವಿಗೆ ಗೋಡಂಬಿ ಆಗುತ್ತದೋ, ಮೊಟ್ಟೆ ಆಗುತ್ತದೋ ಎನ್ನುವುದೂ ಅವಳಿಗೇ ಗೊತ್ತು. "ನಮ್ಮ ಕಾಲದಲ್ಲಿ ಅಲರ್ಜಿ ಎಲ್ಲಿತ್ತು" ಎಂಬ ಮಾತು ಅಲ್ಲಿ ಎತ್ತಲೇಬೇಡಿ. ತೊಳೆಯುವುದು, ಒರೆಸುವುದು ಕೂಡ ತಿಂಡಿ ಮಾಡುವುದರ ಭಾಗ ಎಂದು ಮಕ್ಕಳಿಗೆ ಮೊದಲ ದಿನವೇ ರೂಢಿಯಾಗಲಿ. ನೊರೆಯಲ್ಲಿ ಕೈಯಾಡಿಸಲು ಅವರಿಗೇನೂ ಬೇಸರವಿಲ್ಲ, ಬೇಸರ ನಮಗೆ, ನೀರು ಚೆಲ್ಲುತ್ತದೆ ಎಂದು.

ಫೋಟೊ ಬೇಕಾದರೆ ಎಲ್ಲ ಮುಗಿದ ಮೇಲೆ ಒಂದು ತೆಗೆಯಿರಿ. ಪ್ರತಿ ಗೋಲಿಗೂ "ಇಲ್ಲಿ ನೋಡು, ನಗು" ಎಂದರೆ ಮಗುವಿನ ಕಣ್ಣು ಹಿಟ್ಟಿನಿಂದ ಮೇಲೆದ್ದುಬಿಡುತ್ತದೆ, ಮತ್ತೆ ಇಳಿಯುವುದಿಲ್ಲ.

ಈಗ ತಟ್ಟೆಯ ಮಾತು. ಕುಸ್ವಾರ್ ಮನೆಯವರೇ ತಿಂದು ಮುಗಿಸುವ ತಿಂಡಿಯಲ್ಲ, ಹಂಚಲಿಕ್ಕೆಂದೇ ಮಾಡುವುದು. ತಟ್ಟೆ ಜೋಡಿಸುವಾಗ ಅಂದವಾದದ್ದು ಮೇಲೆ, ಮಕ್ಕಳು ಮಾಡಿದ್ದು ಅಡಿಯಲ್ಲಿ, ಅಥವಾ "ಇದು ನಮಗೆ ಇರಲಿ" ಎಂದು ಬೇರೆ ಡಬ್ಬದಲ್ಲಿ. ಹೀಗೆ ಮಾಡುವವರೇ ಹೆಚ್ಚು. ನೀವು ಮಾಡಬೇಡಿ. ಸೊಟ್ಟ ಕಿಡ್ಯೊ ಮೇಲೆಯೇ ಇರಲಿ. ಬಾಗಿಲು ತೆರೆದ ನೆರೆಮನೆಯಾಕೆ ಅದನ್ನೇ ಮೊದಲು ಎತ್ತಿ ಬಾಯಿಗೆ ಹಾಕಿಕೊಂಡು "ಇದು ಯಾರು ಮಾಡಿದ್ದು?" ಎಂದು ಕೇಳಿದರೆ, ತಟ್ಟೆ ಹಿಡಿದ ಮಗುವಿನ ಮುಖ ನೋಡಬೇಕು ನೀವು.

ತಟ್ಟೆ ಯಾರ ಮನೆಗೆ, ಅದರಲ್ಲಿ ಏನಿರಬೇಕು ಎಂದು ಗೊತ್ತು ಮಾಡುವುದರಲ್ಲೂ ಮಕ್ಕಳನ್ನು ಸೇರಿಸಿಕೊಳ್ಳಿ. ಭಟ್ಟರ ಮನೆಗೆ ಮೊಟ್ಟೆ ಹಾಕದ್ದು ಮಾತ್ರ. ಅದಕ್ಕೆ ಬೇರೆ ಡಬ್ಬ, ಬೇರೆ ಬಾಣಲೆ, ಹೊಸ ಎಣ್ಣೆ, ಡಬ್ಬದ ಮೇಲೆ ಮಗುವೇ ಬರೆದ ಚೀಟಿ. ಬ್ಯಾರಿ ಮುಸ್ಲಿಮರ ಮನೆಗೆ ರಮ್ ಹಾಕಿದ ಕೇಕ್ ಹೋಗಬಾರದು. ಸಕ್ಕರೆ ಕಾಯಿಲೆಯ ಮಾಸ್ತರರಿಗೆ ಚಕ್ಕುಲಿಯೇ ಹೆಚ್ಚಿರಲಿ. ಯಾಕೆ ಎಂದು ಮಗು ಕೇಳುತ್ತದೆ, ಕೇಳಲಿ, ಇದ್ದದ್ದನ್ನು ಇದ್ದ ಹಾಗೆ ಹೇಳಿ. ಪಕ್ಕದವರು ಏನು ತಿನ್ನುತ್ತಾರೆ, ಏನು ತಿನ್ನುವುದಿಲ್ಲ ಎಂದು ತಿಳಿದುಕೊಂಡು ಕೊಡುವ ಈ ನಾಜೂಕು ನಮ್ಮ ಊರಿನ ಹಳೆಯ ನಡತೆ. ಭಾಷಣದಿಂದ ಬರುವಂಥದ್ದಲ್ಲ, ತಟ್ಟೆ ಹಿಡಿದು ನಡೆದರೇ ಬರುವುದು. ಆ ವರ್ಷ ಸಾವಾದ ಮನೆ ಇದ್ದರೆ ಅಲ್ಲಿಗೆ ಮೊದಲು ಹೋಗಿ. ನಮ್ಮಲ್ಲಿ ಅನೇಕ ಮನೆಗಳಲ್ಲಿ ಸೂತಕದ ವರ್ಷ ಕುಸ್ವಾರ್ ಮಾಡುವುದಿಲ್ಲ, ಅಲ್ಲಿನ ಮಕ್ಕಳಿಗೂ ಹಬ್ಬದ ತಿಂಡಿ ನೆರೆಯವರಿಂದಲೇ ಬರಬೇಕು. ಅಲ್ಲಿ ಗಟ್ಟಿಯಾಗಿ ಹಾಡಬಾರದು, ಹೆಚ್ಚು ಹೊತ್ತು ನಿಲ್ಲಬಾರದು ಎಂದು ಹೊರಡುವ ಮೊದಲೇ ಹೇಳಿ. ಮಕ್ಕಳು ನಾವು ಅಂದುಕೊಂಡದ್ದಕ್ಕಿಂತ ಚೆನ್ನಾಗಿ ನಡೆದುಕೊಳ್ಳುತ್ತಾರೆ.

ತಟ್ಟೆ ಖಾಲಿ ವಾಪಸು ಬರುವುದು ನಮ್ಮ ಕಡೆ ಕಡಿಮೆ. ಒಂದು ಹಿಡಿ ಸಕ್ಕರೆಯೋ ನಾಲ್ಕು ಬಾಳೆಹಣ್ಣೋ ಇರುತ್ತದೆ. ಅದು ಯಾರಿಗೆ ಎಂದು ಜಗಳ ಬೇಡ, ಹೊತ್ತು ತಂದವರಿಗೆ.

ರಜೆ ಮುಗಿದು ಹೊರಡುವವರ ಕೈಯಲ್ಲಿ ಏನಾದರೂ ಕಳಿಸಬೇಕು ಎಂದು ನಿಮ್ಮ ಜೀವ ಹೇಳುತ್ತದೆ. ಪ್ರಯಾಣಕ್ಕೆ ಒದಗುವುದು ತುಕ್ಡಿ ಮತ್ತು ಸಕ್ಕರೆ ಹತ್ತಿಸದ ಕಿಡ್ಯೊ. ಗಾಳಿಯಾಡದ ಡಬ್ಬದಲ್ಲಿ ವಾರಗಟ್ಟಲೆ ಇರುತ್ತವೆ. ನೆವ್ರಿ ಸ್ವಲ್ಪವೇ ಕಳಿಸಿ, ಮೂರು ರಾಯರ ಹಬ್ಬ, ಅಂದರೆ ಜನವರಿ 6ರೊಳಗೆ ತಿಂದು ಮುಗಿಸಲು ಹೇಳಿ. ಕೊಕ್ಕಿಸಾಂ ಮಾತ್ರ ಬೇಡ, ಅಲ್ಲಿ ಮುಟ್ಟುವಾಗ ಪುಡಿ. ಅದರ ಬದಲು ಅಚ್ಚನ್ನೇ ಕೊಟ್ಟುಬಿಡಿ, ನಿಮಗೆ ಇನ್ನೊಂದು ಕೊಂಡರಾಯಿತು. ಸೋಪು ಹಾಕಿ ತಿಕ್ಕಬಾರದು, ಒರೆಸಿ ಎಣ್ಣೆ ಸವರಿ ಇಡಬೇಕು ಎಂದು ಮಗನಿಗೆ ಹೇಳಬೇಡಿ, ಮರೆಯುತ್ತಾನೆ, ಮೊಮ್ಮಗಳಿಗೆ ಹೇಳಿ. ವಿಮಾನದಲ್ಲಿ ಹೋಗುವವರಾದರೆ ಅದು ಕೈಚೀಲಕ್ಕೆ ಬೇಡ. ಉದ್ದ ಕಬ್ಬಿಣದ ಸರಳು ಕಂಡರೆ ತಪಾಸಣೆಯವರು ಹಿಡಿದು ನಿಲ್ಲಿಸುತ್ತಾರೆ. ದೊಡ್ಡ ಪೆಟ್ಟಿಗೆಯಲ್ಲಿ ಬಟ್ಟೆಗಳ ನಡುವೆ ಸುತ್ತಿ ಇಡಿ.